ಐದು ತಿಂಗಳ ಹಿಂದಿನ ನಕಲು

೨೦೦೮ರಲ್ಲಿ ನಾನು ಚೆನ್ನೈನ ಒಂದು ಕ್ಯಾನ್ಸರ್ ಆಸ್ಪತ್ರೆಯಲ್ಲಿ ಸಿಸ್ಟಮ್ಸ್ ಅಡ್ಮಿನಿಸ್ಟ್ರೇಟರ್ ಆಗಿದ್ದೆ. ಸರ್ವರ್‌ಗಳಿದ್ದದ್ದು ಅದೇ ಊರಿನ ಪೆರುಂಗುಡಿಯ ಬಾಡಿಗೆ ಕಟ್ಟಡದಲ್ಲಿ. ಆ ವರ್ಷ ಎಲ್ಲವನ್ನೂ ವರ್ಚುವಲ್ ಮೆಷೀನ್‌ಗಳಿಗೆ ಬದಲಾಯಿಸಿದ್ದೆವು. ಅಂದರೆ ಒಂದು ದೊಡ್ಡ ಸರ್ವರಿನೊಳಗೆ ಹಲವು ಕಂಪ್ಯೂಟರುಗಳು ಬರೀ ಫೈಲುಗಳ ರೂಪದಲ್ಲಿ ಓಡುತ್ತಿದ್ದವು. ಫೈಲುಗಳಾದ್ದರಿಂದ ಅವನ್ನು ಇನ್ನೊಂದು ಊರಿಗೆ ಸತತವಾಗಿ ನಕಲು ಮಾಡುತ್ತಿರಬಹುದು. ಇದನ್ನು ರೆಪ್ಲಿಕೇಶನ್ ಎನ್ನುತ್ತೇವೆ. ಇಲ್ಲಿ ಅನಾಹುತವಾದರೆ ಅಲ್ಲಿನ ನಕಲು ಎದ್ದು ಕೆಲಸ ಮುಂದುವರಿಸಬೇಕು. ನಮ್ಮ ನಕಲು ಕೊಯಮತ್ತೂರಿನಲ್ಲಿತ್ತು.

ನಮ್ಮ ಮ್ಯಾನೇಜರ್ ವರದರಾಜನ್ ಕೂಡ ನನ್ನಂತೆಯೇ ಮದರಾಸಿನಲ್ಲೇ ಬೆಳೆದ ಕನ್ನಡಿಗರು; ಅವರ ಮಾತಿನಲ್ಲಿ ತಮಿಳು ಬೆರೆತಿರುತ್ತಿತ್ತು. ಆಗಸ್ಟಿನಲ್ಲಿ ಅವರ ಸಮ್ಮುಖದಲ್ಲಿ ಆ ನಕಲನ್ನು ಎಬ್ಬಿಸಿ ನೋಡುವ ತಾಲೀಮು ನಡೆಯಿತು. ಕೊಯಮತ್ತೂರಿನ ಮೆಷೀನ್ ಎದ್ದಿತು, ಲಾಗಿನ್ ಪರದೆ ಬಂತು.

"ಸಾರ್, ಒಳಗೆ ಹೋಗಿ ಒಂದು ರೆಕಾರ್ಡ್ ತೆಗೆದು ನೋಡೋಣವಾ?" ಎಂದೆ.

"ಅದೆಲ್ಲ ಯಾಕಮ್ಮಾ ಸುಮ್ನೆ? ಮೆಷೀನ್ ಬಂತಲ್ಲ, ಅಷ್ಟು ದಾನೆ ಬೇಕು. ಸೈನ್ ಮಾಡು."

ಊಟದ ಹೊತ್ತಾಗಿತ್ತು. ತಾಲೀಮು ಯಶಸ್ವಿ ಎಂಬ ವರದಿಗೆ ಸಹಿ ಮಾಡಿದೆ.

ನವೆಂಬರಿನ ಒಂದು ಸೋಮವಾರ ಬೆಳಿಗ್ಗೆ ಪೆರುಂಗುಡಿಯಲ್ಲಿ ಎ.ಸಿ. ಪೈಪು ಒಡೆದು ಡಿಸ್ಕುಗಳ ಮೇಲೆಯೇ ನೀರು ಸುರಿಯಿತು. ಎಲ್ಲ ನಿಂತುಹೋಯಿತು. ಕೊಯಮತ್ತೂರಿನ ನಕಲನ್ನು ಎಬ್ಬಿಸಿದೆವು. ಇಪ್ಪತ್ತು ನಿಮಿಷದಲ್ಲಿ ಆಸ್ಪತ್ರೆಯ ಪರದೆಗಳೆಲ್ಲ ಬೆಳಗಿದವು. ವರದರಾಜನ್ ಚೇರ್ಮನ್ನರಿಗೆ ಫೋನು ಮಾಡಿ ಸುದ್ದಿ ಕೊಟ್ಟರು. ನಾನು ಪರದೆಗಳನ್ನು ನೋಡಿಬರಲು ಔಷಧ ಹಾಕಿಸಿಕೊಂಡು ಅದೇ ದಿನ ಮನೆಗೆ ಹೋಗುವವರ ಡೇ ಕೇರ್ ವಾರ್ಡಿಗೆ ಹೋದೆ.

ಅಲ್ಲಿ ಕಾಸಿಮೇಡಿನ ಮೀನುಗಾರ ಸೆಲ್ವಂ ಕೈಗೆ ಸೂಜಿ ಚುಚ್ಚಿಸಿಕೊಂಡು ಮಲಗಿದ್ದ. ಅವನಿಗೆ ಕೊಡುತ್ತಿದ್ದ ಔಷಧ ಹೃದಯಕ್ಕೆ ಪೆಟ್ಟು ಕೊಡುವಂಥದ್ದು. ಇಡೀ ಆಯುಷ್ಯದಲ್ಲಿ ಒಬ್ಬರಿಗೆ ಇಷ್ಟೇ ಕೊಡಬಹುದೆಂಬ ಮಿತಿ ಅದಕ್ಕುಂಟು. ಡಾಕ್ಟರು ಪರದೆ ನೋಡಿ ನರ್ಸಿಗೆ ಹೇಳಿದರು: "ಎರಡು ಡೋಸ್ ಆಗಿದೆ. ಇದು ಮೂರನೆಯದು, ಫುಲ್ ಡೋಸ್ ಹಾಕಿ."

ಹರಾಜುಕಟ್ಟೆಯಲ್ಲಿ ಮೀನು ಮಾರುವ ಅವನ ಹೆಂಡತಿ ಅಂಜಲೈ ಸ್ಟೂಲಿನಿಂದ ಎದ್ದಳು. "ರೆಂಡು ಇಲ್ಲ ಸಾರ್. ಆರು ಮುಡಿಞ್ಚುಡುಚ್ಚು."

ಎರಡಲ್ಲ, ಆರು ಮುಗಿದಿದೆ ಎಂದಳು. ಡಾಕ್ಟರು ಮತ್ತೆ ಪರದೆಯನ್ನೇ ತೋರಿಸಿದರು. ಅವಳು ಪ್ರತಿ ಸಲ ಔಷಧದ ಬಾಟಲಿಯ ಲೇಬಲನ್ನು ನರ್ಸಿನಿಂದ ಕೇಳಿ ಪಡೆದಿದ್ದಳಂತೆ. ಚೀಲದಿಂದ ತೆಗೆದು ಹಾಸಿಗೆಯ ಮೇಲೆ ಒಂದೊಂದಾಗಿ ಇಟ್ಟಳು. ಆರು ಇದ್ದವು, ನರ್ಸಿನ ಕೈಬರಹದ ತಾರೀಖಿನ ಸಮೇತ.

ಡಾಕ್ಟರು ನನ್ನತ್ತ ತಿರುಗಿದರು. "ಈ ಸ್ಕ್ರೀನ್ ಯಾವತ್ತಿಂದು?"

ನಾನು ಕೂತು ಹುಡುಕಿದೆ. ಕೊನೆಯ ನಮೂದು ಜೂನ್ ತಿಂಗಳದ್ದು. ಯಾರಿಗೂ ಏನೂ ಕೊಡಬೇಡಿ ಎಂದು ವಾರ್ಡಿಗೆ ಹೇಳಿ, ಮೇಲಿನ ನಮ್ಮ ಕಚೇರಿಗೆ ಓಡಿ ರೆಪ್ಲಿಕೇಶನ್ ಸೆಟ್ಟಿಂಗ್ ತೆರೆದೆ. ರೋಗಿಗಳ ದಾಖಲೆಯಿದ್ದ ಡಿಸ್ಕನ್ನು ನಕಲಿನ ಪಟ್ಟಿಯಿಂದಲೇ ತೆಗೆದುಹಾಕಲಾಗಿತ್ತು. ದಿನವೂ ನಕಲಾಗುತ್ತಿದ್ದದ್ದು ವಿಂಡೋಸ್ ಇದ್ದ ಡಿಸ್ಕು ಮಾತ್ರ; ದಾಖಲೆ ಜೂನಿನಲ್ಲೇ ನಿಂತಿತ್ತು. ದಿನದ ವರದಿಯಲ್ಲಿ ಮಾತ್ರ ಎಲ್ಲ ಸರಿ ಎಂಬ ಹಸಿರು ಬಣ್ಣ.

ವರದರಾಜನ್ ಮುಚ್ಚಿಡಲೂ ಹೋಗಲಿಲ್ಲ. "ಕೊಯಮತ್ತೂರ್ ಲೈನ್ ಸಣ್ಣದು. ಚೇರ್ಮನ್ ವಿಡಿಯೋ ಕಾನ್ಫರೆನ್ಸ್ ಕಟ್ ಕಟ್ ಆಗ್ತಿತ್ತು. ಜೂನ್‌ಲಿ ಆ ಡಿಸ್ಕ್ ತೆಗೆದೆ. ಈಗೇನು, ಪೇಷೆಂಟ್‌ಗೆ ಒಂದೂ ಆಗ್ಲಿಲ್ಲಲ್ಲ? ರಿಪೋರ್ಟ್‌ಲಿ ತಣ್ಣೀರ್ ಬಿತ್ತು ಅಂತ ಮಾತ್ರ ಬರಿ, ಪೋದುಂ, ಸಾಕು." ಹೇಳುತ್ತಲೇ ಟಿಫಿನ್ ಡಬ್ಬಿ ಬಿಚ್ಚಿ ಮೊಸರನ್ನ ಕಲಸತೊಡಗಿದರು. ನಾನು ಹೊರಗೆ ಬಂದು ಆಗಸ್ಟಿನ ತಾಲೀಮಿನ ವರದಿಯನ್ನು ತೆಗೆದು ನೋಡಿದೆ. ಅದರ ಕೆಳಗಿದ್ದ ಸಹಿ ನನ್ನದೇ.

ಒದ್ದೆಯಾದ ಡಿಸ್ಕುಗಳಿಂದ ಏನೂ ಸಿಗಲಿಲ್ಲ. ಫಾರ್ಮಸಿ ಚೀಟಿ, ಲ್ಯಾಬ್ ಕಾಗದ, ರೋಗಿಗಳ ನೆನಪು ಇವನ್ನೆಲ್ಲ ಕೂಡಿಸಿ ಐದು ತಿಂಗಳ ದಾಖಲೆಯನ್ನು ನರ್ಸುಗಳು ಆರು ದಿನ ಕೂತು ಕಟ್ಟಿದರು. ಆರು ಡೋಸಿಗೇ ಮಿತಿ ಮುಟ್ಟಿದ್ದ ಸೆಲ್ವಂನಿಗೆ ಬೇರೆ ಔಷಧ ಶುರುವಾಯಿತು. ನಡೆದದ್ದನ್ನೆಲ್ಲ, ನನ್ನ ಸಹಿಯನ್ನೂ ಸೇರಿಸಿ, ಬರೆದು ಆಡಳಿತಕ್ಕೆ ಕೊಟ್ಟೆ. ಉತ್ತರ ಬರಲಿಲ್ಲ. ಜನವರಿಯಲ್ಲಿ, ಇಪ್ಪತ್ತೇ ನಿಮಿಷದಲ್ಲಿ ಆಸ್ಪತ್ರೆಯನ್ನು ಮತ್ತೆ ನಡೆಸಿದರೆಂದು ವರದರಾಜನ್‌ಗೆ ಶಾಲು ಹೊದಿಸಿದರು. ಸಭೆ ಮುಗಿಯುವ ಮುಂಚೆ ಎದ್ದು ಹೋಗಿ ರಾಜೀನಾಮೆ ಟೈಪ್ ಮಾಡಿದೆ.

ಆಮೇಲೆ ಎಲ್ಲಿ ಕೆಲಸ ಮಾಡಿದರೂ, ಯಾರಾದರೂ ಗುಮಾಸ್ತರೋ ನರ್ಸೋ ಅದೇ ಬೆಳಿಗ್ಗೆ ತಾವು ಬರೆದದ್ದನ್ನು ದೂರದ ನಕಲಿನಲ್ಲಿ ಕಂಡು ಹೌದೆನ್ನುವವರೆಗೆ ನಾನು ತಾಲೀಮಿಗೆ ಸಹಿ ಹಾಕಲಿಲ್ಲ. ಪರದೆ ಖಾಲಿಯಿದ್ದಿದ್ದರೆ ಆ ಡಾಕ್ಟರು ಅಂಜಲೈಯನ್ನೇ ಕೇಳುತ್ತಿದ್ದರು. ಪರದೆ ಬೆಳಗಿತ್ತು, ಅದಕ್ಕೇ ಕೇಳಲಿಲ್ಲ.