ಆ ಕೈ ಎಂಥದ್ದು

ಗಾಂಧಿ ಬಜಾರಿನ ಯಾವುದಾದರೂ ಅಂಗಡಿಯಲ್ಲಿ ಸಂಜೆ ಲೋಬಾನದ ಹೊಗೆ ಎದ್ದರೆ ಈಗಲೂ ನನ್ನ ಎದೆ ಡವಗುಟ್ಟುತ್ತದೆ. ಭದ್ರಾವತಿಯ ನಮ್ಮ ಹಳೇ ಮನೆಯಲ್ಲಿ ಆ ಹೊಗೆಯ ನಡುವೆ ಚಾಪೆ ಹಾಸಿ, ಕಬ್ಬಿಣದ ಕಾರ್ಖಾನೆಯಿಂದ ನಿವೃತ್ತರಾಗಿದ್ದ ದಾದಾ, ಅಂದರೆ ನನ್ನ ತಂದೆಯ ತಂದೆ, ನನಗೆ ಕುರಾನ್ ಓದಿಸುತ್ತಿದ್ದರು. ಒಂದು ಸಂಜೆ ಅಲ್ಲಾಹನ ಕೈಯ ಮಾತಿರುವ ವಾಕ್ಯ ಬಂತು. "ಆ ಕೈ ಎಷ್ಟು ದೊಡ್ಡದು ದಾದಾ?" ಎಂದೆ. ಮದರಸಾದಲ್ಲಿ ಓದಿ ಬಂದಿದ್ದ ಚಾಚಾ, ನನ್ನ ಚಿಕ್ಕಪ್ಪ, ಅಲ್ಲೇ ಕೂತಿದ್ದರು. "ಕೈ ಅಂದ್ರೆ ಶಕ್ತಿ, ಅಷ್ಟೇ. ಕೈಯನ್ನೇ ಮನಸ್ಸಲ್ಲಿ ಕಂಡೋರು ಮೂರ್ತಿ ಮಾಡ್ಕೊಂಡ ಹಾಗೆ, ಅದು ಪಾಪ" ಎಂದರು. ದಾದಾ ತಲೆಯಾಡಿಸಿ, "ಅಲ್ಲಾಹನೇ ಕೈ ಅಂದಿದಾನೆ, ನಾನೂ ಕೈ ಅಂತೀನಿ" ಎಂದರು. ಮಾತು ಬೆಳೆಯಿತು. ಮನೆಯಲ್ಲಿ ಮುಂದೆ ನಿಂತು ನಮಾಜು ಮಾಡಿಸುತ್ತಿದ್ದ ತಮ್ಮ ಅಬ್ಬಾನ ಹಿಂದೆ ಇನ್ನು ನಿಲ್ಲುವುದಿಲ್ಲವೆಂದು ಚಾಚಾ ಎದ್ದು ಹೋದರು. ಅಂದಿನಿಂದ ಒಬ್ಬರ ನಮಾಜು ನಡುಮನೆಯಲ್ಲಿ, ಇನ್ನೊಬ್ಬರದು ಹಿತ್ತಿಲ ಜಗಲಿಯಲ್ಲಿ. ನಡುವೆ ದಾದಿ, ನನ್ನ ಅಜ್ಜಿ, ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದರು.

ನನ್ನ ಭಯ ಯಾರಿಗೂ ತಿಳಿದಿರಲಿಲ್ಲ. ಕೈ ಎಂದ ಕೂಡಲೇ ನನಗೆ ದಾದಾರ ಕೈಯೇ ಕಂಡಿತ್ತು: ಕುಲುಮೆಯ ಬಿಸಿಗೆ ಕಪ್ಪಿಟ್ಟ ಗೆಣ್ಣುಗಳು, ಉಗುರಿಲ್ಲದ ಹೆಬ್ಬೆರಳು, ಆಕಾಶದಷ್ಟು ಅಗಲ. ಚಾಚಾ ಹೇಳಿದ ತಪ್ಪು ನನ್ನೊಳಗೆ ನಡೆದುಹೋಗಿತ್ತು. ಮರೆಯೋಣವೆಂದರೆ ಅದು ಇನ್ನಷ್ಟು ಕೆಳಗೆ ಇಳಿದುಬರುತ್ತಿತ್ತು. ಶಾಲೆಗೆ ಹೋಗುವಾಗ ಅಂಗಡಿಗಳ ಸೂರಿನಡಿಯಲ್ಲೇ ನಡೆಯುತ್ತಿದ್ದೆ. ಕಡೆಗೆ ಜ್ವರ ಬಂದು ಮಲಗಿದಾಗ, ಹಣೆಗೆ ಒದ್ದೆ ಬಟ್ಟೆ ಹಾಕುತ್ತಿದ್ದ ದಾದಾರಿಗೆ ಎಲ್ಲ ಹೇಳಿ ಅತ್ತುಬಿಟ್ಟೆ. ಅವರು ಬಟ್ಟೆಯನ್ನು ಮತ್ತೆ ನೀರಿನಲ್ಲಿ ಅದ್ದಿ ಹಿಂಡಿದರು. ನನ್ನನ್ನು ಮನೆಯಿಂದಲೇ ಹೊರಗೆ ಹಾಕುತ್ತಾರೆಂದುಕೊಂಡಿದ್ದೆ. "ಚಿಕ್ಕಂದಿನಲ್ಲಿ ನನಗೂ ಹಂಗೇ ಏನೇನೋ ಕಾಣ್ತಿತ್ತು ಬೇಟಿ. ಈಗ್ಲೂ ಭಯ ಆಗುತ್ತೆ. ಮನಸ್ಸಿಗೆ ಏನು ಕಂಡ್ರೂ ಅದು ಅವನಲ್ಲ ಅಂದ್ಕೋ. ಆ ಕೈ ಹೆಂಗಿದೆ ಅಂತ ಕೇಳೋಕೆ ನಾವ್ಯಾರು?" ಎಂದರು.

ಬಾಗಿಲಲ್ಲಿ ನಿಂತು ಚಾಚಾ ಕೇಳಿಸಿಕೊಂಡಿದ್ದರು. ಆ ಸಂಜೆ ನಡುಮನೆಗೆ ಬಂದು, "ನಾನು ಹೇಳಿದ ಅರ್ಥನೇ ಸರಿ ಅಬ್ಬಾ" ಎಂದರು. "ಇರ್ಲಿ, ಬಾ, ಹೊತ್ತಾಯ್ತು" ಎಂದರು ದಾದಾ. ಚಾಚಾ ನಮಾಜಿಗೆ ಅವರ ಹಿಂದೆ ನಿಂತರು.

ದಾದಾ ಹೋದರು, ದಾದಿ ಹೋದರು, ಚಾಚಾನೂ ಹೋದರು. ಮನೆಯಿದ್ದ ಜಾಗದಲ್ಲಿ ಈಗ ಯಾರದೋ ಗೋದಾಮು. ಕುರಾನ್ ಓದುವಾಗ ಆ ವಾಕ್ಯ ಬಂದರೆ ಇಂದಿಗೂ ನನ್ನ ದನಿ ತಗ್ಗುತ್ತದೆ. ಅರ್ಥ ಬಿಡಿಸಿ ಹೇಳುವವರು ಬೇಕಾದಷ್ಟು ಜನ ಇದ್ದಾರೆ; ಪಕ್ಕದಲ್ಲಿ ಕೂತು, ನನಗೂ ಭಯ ಆಗುತ್ತೆ ಎನ್ನುವವರು ಯಾರೂ ಉಳಿದಿಲ್ಲ.