ಕೇಳಿದವರಿಗೆ ಮಾತ್ರ

ಮಾತಾಡುವಾಗಲೂ ಅವಳ ತುಟಿಗಳ ನಡುವೆ ಎರಡು ಸೇಫ್ಟಿ ಪಿನ್ನುಗಳಿರುತ್ತಿದ್ದವು. ಅವು ಬೀಳದ ಹಾಗೆ ಬೈಯುವುದೂ ನಗುವುದೂ ಅವಳಿಗೆ ಗೊತ್ತಿತ್ತು. ಇಷ್ಟು ಬರೆಯಲು ನನಗೆ ಮೂರು ವರ್ಷ ಹಿಡಿಯಿತು. ಪ್ರತಿ ಸಲ ಪಿನ್ನಿನವರೆಗೆ ಬಂದು ಪೆನ್ನು ಕೆಳಗಿಡುತ್ತಿದ್ದೆ. ಮುಂದಿನದು ನನ್ನ ತಪ್ಪಿನ ವಿಷಯ.

ಕಾಪುವಿನಲ್ಲಿ ನನ್ನದೊಂದು ಸಣ್ಣ ಫೋಟೋ ಸ್ಟುಡಿಯೋ ಇತ್ತು. ಎಸ್ಸೆಸ್ಸೆಲ್ಸಿ ಮುಗಿಸಿ ಕ್ಯಾಮೆರಾ ಹಿಡಿದವನು ನಾನು. ಎಲ್ಲರ ಕೈಗೆ ಮೊಬೈಲು ಬಂದ ಮೇಲೆ ನನಗೆ ಉಳಿದದ್ದು ಪಾಸ್‌ಪೋರ್ಟ್ ಫೋಟೋ ಮತ್ತು ಮದುವೆಯ ಪ್ರಪೋಸಲ್‌ಗೆ ಕಳಿಸುವ ಫೋಟೋ. ಎರಡನೆಯದು ಉಳಿದದ್ದು ಅವಳಿಂದ. ಶಂಕರಪುರದಿಂದ ಬಸ್ಸಿನಲ್ಲಿ ಬಂದು, ಫೋಟೋಕ್ಕೆ ಕೂರುವ ಹುಡುಗಿಯರ ಉಡುಪು ಸರಿಮಾಡುವ ಕೆಲಸ ಅವಳದ್ದು. ಬಂದವರೆಲ್ಲ ಅವಳನ್ನು ಡ್ರೆಸ್ಸಿನಕ್ಕ ಎನ್ನುತ್ತಿದ್ದರು. ಕಾರ್ಕಳದಿಂದಲೂ ಅವಳನ್ನು ಹುಡುಕಿಕೊಂಡು ಬರುತ್ತಿದ್ದರು.

ಕಪ್ಪು ಡ್ರೆಸ್ಸು ಹಾಕಿಕೊಂಡು ಬಂದವರನ್ನು ಅವಳು ಹಾಗೆಯೇ ಕ್ಯಾಮೆರಾದ ಮುಂದೆ ಬಿಡುತ್ತಿರಲಿಲ್ಲ. ಮಣಿಪಾಲದಲ್ಲಿ ಓದುತ್ತಿದ್ದ ಒಬ್ಬಳು ವಾದ ಮಾಡಿದಳು.

"ಕಪ್ಪು ಹಾಕಿದರೆ ತೆಳ್ಳಗೆ ಕಾಣ್ತೇನೆ ಅಕ್ಕ."

"ತೆಳ್ಳಗೆ ಎಂತದು, ನೀನು ಕಾಣುದೇ ಇಲ್ಲ ಮಾರಾಯ್ತಿ. ಕೂದಲು ಎಲ್ಲಿ ಮುಗೀತು, ಅಂಗಿ ಎಲ್ಲಿ ಶುರುವಾಯ್ತು ಅಂತ ಹುಡುಗನ ಅಮ್ಮ ಟಾರ್ಚು ಹಾಕಿ ಹುಡುಕಬೇಕಾ?"

ಹುಡುಗಿ ನಕ್ಕಳು. ಡ್ರೆಸ್ಸಿನಕ್ಕ ಕಪಾಟು ತೆರೆದು ಬಟ್ಟೆಗಳನ್ನು ಒಂದೊಂದಾಗಿ ಆ ಹುಡುಗಿಯ ಗಲ್ಲದ ಕೆಳಗೆ ಹಿಡಿದು ನೋಡಿದಳು. ಕಡು ನೀಲಿ, ಬಾಟಲಿ ಹಸಿರು, ಕಾಫಿಪುಡಿಯ ಬಣ್ಣ. ಕೊನೆಗೆ ಪುನರ್ಪುಳಿ ಸಾರಿನಂಥ ಕೆಂಪು ನಿಂತಿತು. "ಕಪ್ಪಿನ ಗತ್ತು ಬೇಕಾದರೆ ಇದರಲ್ಲೇ ಉಂಟು. ಮುಖವೂ ಉಳೀತದೆ" ಎಂದಳು.

ಬೂದಿ ಬಣ್ಣದ್ದೋ ಗಂಧದ ಬಣ್ಣದ್ದೋ ಸಾದಾ ಡ್ರೆಸ್ಸಿನಲ್ಲಿ ಬಂದವರೆಂದರೆ ಅವಳಿಗೆ ಬಹಳ ಖುಷಿ. ಹಳೆಯ ಬಿಸ್ಕತ್ತಿನ ಡಬ್ಬಿಯೊಂದು ಹೊರಬರುತ್ತಿತ್ತು. ಹವಳದ ಸರ, ಬೆಳ್ಳಿಯಂತೆ ಕಾಣುವ ದೊಡ್ಡ ಓಲೆ, ನೇಯ್ದ ಸೊಂಟಪಟ್ಟಿ, ಇಳಕಲ್ಲಿನ ಹಳೆಯ ಸೀರೆ ಕತ್ತರಿಸಿ ಹೊಲಿದ ಶಾಲು. ಅದರಲ್ಲಿ ಒಂದನ್ನೇ ಆರಿಸಬೇಕು. ಓಲೆ ದೊಡ್ಡದಾದರೆ ಕುತ್ತಿಗೆ ಖಾಲಿ. ಶಾಲು ಹೊದ್ದರೆ ಬಳೆ ಬೇಡ. "ಎಲ್ಲ ಒಟ್ಟಿಗೆ ಮಾತಾಡಿದರೆ ಯಾರದ್ದೂ ಕೇಳುದಿಲ್ಲ ಅಲ್ವಾ?" ಎನ್ನುತ್ತಿದ್ದಳು.

ಅವಳ ಬಣ್ಣ ಕಪ್ಪು. ಅದನ್ನು ಅವಳು ಹವಾಮಾನದ ವಿಷಯದಂತೆ ಹೇಳುತ್ತಿದ್ದಳು. ನನಗೋ ಬಂದವರ ಮುಖವನ್ನೆಲ್ಲ ಕಂಪ್ಯೂಟರಿನಲ್ಲಿ ಎರಡು ಹಂತ ಬಿಳಿ ಮಾಡಿ ಕೊಡುವ ಚಾಳಿ. ಕೈ ತಾನಾಗಿಯೇ ಅಲ್ಲಿಗೆ ಹೋಗುತ್ತಿತ್ತು. ನಮ್ಮಲ್ಲಿ ಜಗಳವಾದದ್ದು ಇದೊಂದಕ್ಕೇ.

ಮೂವತ್ತೆರಡನೆಯ ವಯಸ್ಸಿನಲ್ಲಿ ಅವಳಿಗೂ ಪ್ರಪೋಸಲ್ ಫೋಟೋ ಬೇಕಾಯಿತು. ಗಂಧದ ಬಣ್ಣದ ಸಾದಾ ಚೂಡಿದಾರ, ಕುತ್ತಿಗೆಗೆ ಹವಳದ ಸರ, ಅಷ್ಟೆ. ಅಷ್ಟು ಒಳ್ಳೆಯ ಫೋಟೋ ನಾನು ಆಮೇಲೆ ತೆಗೆದಿಲ್ಲ. ಎದ್ದು ಹೋಗುವಾಗ ಹೇಳಿದಳು: "ಅಣ್ಣ, ಲೈಟು ಬೇಕಾದರೆ ಸರಿ ಮಾಡಿ. ನನ್ನನ್ನು ಸರಿ ಮಾಡ್ಬೇಡಿ."

ನಾನು ಹೂಂ ಎಂದೆ. ಸಂಜೆ ಕುಳಿತು ನಾಲ್ಕು ಹಂತ ಬಿಳಿ ಮಾಡಿ, ಅವಳಿಗೆ ತೋರಿಸದೆ ಮದುವೆ ದಲ್ಲಾಳಿಯ ಮೊಬೈಲಿಗೆ ಕಳಿಸಿದೆ. ಉಪಕಾರ ಮಾಡುತ್ತಿದ್ದೇನೆ ಎಂದೇ ನಂಬಿದ್ದೆ.

ಹೆಬ್ರಿಯ ಕಡೆಯವರು ಒಪ್ಪಿ, ನೋಡಲು ಬಂದರು. ತಂದೆಯಿಲ್ಲದ ಮನೆ. ಹಿರಿಯರೆಂದು ಅವಳ ತಾಯಿ ನನ್ನನ್ನೂ ಕರೆದು ಹುಡುಗನ ಪಕ್ಕದಲ್ಲಿ ಕೂರಿಸಿದ್ದರು. ಅವಳು ಕಾಫಿಯ ತಟ್ಟೆ ಹಿಡಿದು ಬಂದಳು. ಹುಡುಗನ ಸೋದರತ್ತೆ ಒಮ್ಮೆ ಅವಳನ್ನು, ಒಮ್ಮೆ ಮೊಬೈಲನ್ನು ನೋಡಿದರು.

"ಫೋಟೋದಲ್ಲಿ ಇರುವುದು ಇವರ ತಂಗಿಯಾ?"

ಆ ಹೆಂಗಸು ನನ್ನ ಕಡೆ ತಿರುಗಿದರು. "ನೀವು ಸ್ಟುಡಿಯೋದವರಲ್ವಾ? ಬಂದವರಿಗೆಲ್ಲ ಹೀಗೇ ಮಾಡಿ ಕೊಡುದಾ?"

ಹೌದು ಎಂದರೆ ಊರಿಡೀ ಸುದ್ದಿಯಾಗುತ್ತದೆ, ನನ್ನ ಫೋಟೋವನ್ನು ಮತ್ತೆ ಯಾರೂ ನಂಬುವುದಿಲ್ಲ. ತಲೆಗೆ ಬಂದದ್ದು ಅದೊಂದೇ.

"ಇಲ್ಲ," ಎಂದೆ. "ಕೇಳಿದವರಿಗೆ ಮಾತ್ರ."

ಅವಳು ಎಲ್ಲರಿಗೂ ಕಾಫಿ ಕೊಟ್ಟಳು, ನನಗೂ ಕೊಟ್ಟಳು. "ಮೋಸ ಮಾಡುವವರ ಮನೆಯ ಸಂಬಂಧ ನಮಗೆ ಬೇಡ" ಎಂದು ಅವರು ಎದ್ದರು. ಹುಡುಗ ತಲೆ ತಗ್ಗಿಸಿ ಹೊರಟ. ಕೇಳಿದ್ದು ಅವಳಲ್ಲ ಎಂದು ಹೇಳಲು ಅಂಗಳ ದಾಟುವವರೆಗೂ ಸಮಯವಿತ್ತು. ನಾನು ಕಾಫಿ ಕುಡಿಯುತ್ತಿದ್ದೆ.

ಅವಳು ಕೆಲಸ ಬಿಡುತ್ತಾಳೆ ಎಂದುಕೊಂಡಿದ್ದೆ. ಸೋಮವಾರ ಅದೇ ಬಸ್ಸಿಗೆ ಬಂದಳು. ನಾಲ್ಕು ವರ್ಷ ಬಂದಳು. ಬೇರೆ ಸಂಬಂಧದ ಮಾತೆತ್ತಲು ಬಿಡಲಿಲ್ಲ, ಮತ್ತೆ ಕ್ಯಾಮೆರಾದ ಮುಂದೆ ನಿಲ್ಲಲೂ ಇಲ್ಲ. ಹುಡುಗಿಯರನ್ನು ನಗಿಸುವುದನ್ನು ಮಾತ್ರ ಬಿಡಲಿಲ್ಲ. ನಾನು ದಿನವೂ ತಪ್ಪಾಯ್ತೆಂದು ಹೇಳಬೇಕೆಂದು ಬರುತ್ತಿದ್ದೆ. ದಿನವೂ ಯಾರಾದರೂ ಗಿರಾಕಿ ಬರುತ್ತಿದ್ದರು, ನನಗೆ ಅದೇ ಬೇಕಾಗಿತ್ತು.

ಅವಳಿಗೆ ರಕ್ತದ ಕಾಯಿಲೆ ಬಂತು. ಮಣಿಪಾಲದ ಆಸ್ಪತ್ರೆಗೆ ಹೋದಾಗ ಬಸ್ಸಿನುದ್ದಕ್ಕೂ ಮಾತು ಜೋಡಿಸಿಕೊಂಡಿದ್ದೆ. ಅವಳು ಕಣ್ಣು ತೆರೆದು ನನ್ನ ಅಂಗಿ ನೋಡಿದಳು.

"ಈ ಬೂದಿ ಬಣ್ಣ ಹಾಕಿ ಬರ್ಬೇಡಿ ಅಣ್ಣ. ನರ್ಸು ನಿಮ್ಮನ್ನೇ ಮಲಗಿಸಿ ಬಿಡ್ತಾರೆ."

ಇಬ್ಬರೂ ನಕ್ಕೆವು. ಆ ನಗುವಿನಲ್ಲಿ ತಪ್ಪಿಸಿಕೊಂಡು ಮನೆಗೆ ಬಂದೆ. ಅದಾಗಿ ಹನ್ನೊಂದನೆಯ ದಿನ ಅವಳು ತೀರಿಹೋದಳು.

ಅವಳ ತಾಯಿ ಸ್ಟುಡಿಯೋಕ್ಕೆ ಬಂದರು. "ಬೊಜ್ಜದ ಉತ್ತರಕ್ರಿಯೆಗೆ ಇಡ್ಲಿಕ್ಕೆ ಒಂದು ಫೋಟೋ ಬೇಕಿತ್ತು." ನಾನು ಕೈಯಾಡಿಸದ ಮೂಲ ಚಿತ್ರ ನನ್ನಲ್ಲಿತ್ತು. ಹಾಗೆಯೇ ದೊಡ್ಡದು ಮಾಡಿ ಕೊಟ್ಟೆ. ಅವರು ತುಂಬ ಹೊತ್ತು ನೋಡಿದರು.

"ಸ್ವಲ್ಪ ಬಿಳಿ ಮಾಡಿ ಕೊಡ್ತೀರಾ?"

"ಬೇಡ ಅಮ್ಮ. ಅವಳು ಹೀಗೇ ಚಂದ."

ಅವರು ತಲೆಯೆತ್ತಿದರು. "ಆಗ ಕೇಳದೆ ಮಾಡಿದಿರಿ. ಈಗ ನಾನೇ ಕೇಳ್ತಾ ಇದ್ದೇನೆ. ಈಗ ಆಗುದಿಲ್ವಾ?"

ಅವರಿಗೆ ಮೊದಲಿನಿಂದಲೂ ಗೊತ್ತಿತ್ತು. ಗೊತ್ತಿದ್ದೂ ನಾಲ್ಕು ವರ್ಷ ಪ್ರತಿ ಹಬ್ಬಕ್ಕೆ ಮಗಳ ಕೈಯಲ್ಲಿ ನನ್ನ ಮನೆಗೆ ಮಲ್ಲಿಗೆ ಕಳಿಸಿದ್ದರು.

"ತಪ್ಪಾಯ್ತಮ್ಮ," ಎಂದೆ.

"ನನ್ನ ಹತ್ರ ಹೇಳಿ ಎಂತ ಮಾಡುದು? ಅವಳು ಇಷ್ಟು ವರ್ಷ ನಿಮ್ಮ ಎದುರೇ ಇದ್ದಳಲ್ಲ."

ಫೋಟೋವನ್ನು ಇದ್ದ ಹಾಗೆಯೇ ಸೆರಗಿನಲ್ಲಿ ಸುತ್ತಿಕೊಂಡು ಅವರು ಬಸ್ಸಿಗೆ ನಡೆದರು. ಆ ವಾರವೇ ನಾನು ಸ್ಟುಡಿಯೋ ಮುಚ್ಚಿದೆ.

ಕೊನೆಯಲ್ಲಿ ಅವಳ ಹೆಸರನ್ನಾದರೂ ಬರೆಯಬೇಕು ಎಂದುಕೊಂಡಿದ್ದೆ. ಅದಕ್ಕೂ ಅವಳನ್ನು ಕೇಳಬೇಕಿತ್ತು.