ಮೊಮ್ಮಗಳ ಶೆಡ್ಯೂಲಿನಲ್ಲಿ ಒಂದು ಸಾಲು

ನಗರದ ಜರಗನಹಳ್ಳಿಗೆ ಬಂದ ಮೊದಲ ಬೆಳಿಗ್ಗೆ ಗೇಟಿನ ಮುಂದೆ ನಿಂತಿದ್ದೆ. ಮೇಲಿನಿಂದ ಹಗ್ಗದಲ್ಲಿ ಒಂದು ಬುಟ್ಟಿ ಇಳಿದು ನನ್ನ ಮೂಗಿನೆದುರು ನಿಂತಿತು. "ಅಂಕಲ್, ಸ್ವಲ್ಪ ಸರೀರಿ, ಸೊಪ್ಪಿನವ್ರು ಬಂದವ್ರೆ" ಎಂದಿತು ಮೂರನೇ ಮಹಡಿಯ ದನಿ. ಊರಿನಲ್ಲಿ ಸೊಪ್ಪು ಬೇಕಾದರೆ ನಾವು ಬಗ್ಗುತ್ತಿದ್ದೆವು. ಇಲ್ಲಿ ಅದೇ ಮಹಡಿ ಹತ್ತುತ್ತದೆ.

ಹೆಂಡತಿ ತೀರಿಕೊಂಡ ಮೇಲೆ ಮಗಳು ಸುಮಿತ್ರಾ ನನ್ನನ್ನು ಕರೆತಂದಳು. ಈಗ ಬಸ್ಸುಗಳ ನಂಬರೆಲ್ಲ ಬಾಯಿಗೆ ಬಂದಿವೆ. ಹಿಪ್ಪುನೇರಳೆ ಸೊಪ್ಪಿನ ಹಸಿ ವಾಸನೆ ಮಾತ್ರ ಎಲ್ಲೂ ಸಿಕ್ಕಿಲ್ಲ.

ಮೊಮ್ಮಗಳು ಚೈತ್ರಾ ಕೃಷಿ ವಿಶ್ವವಿದ್ಯಾಲಯದಲ್ಲಿ ಕೃಷಿ ಅರ್ಥಶಾಸ್ತ್ರ ಓದುತ್ತಾಳೆ. ಕಳೆದ ಭಾನುವಾರ ಶೆಡ್ಯೂಲ್ ಹಿಡಿದು ಎದುರು ಕೂತಳು. ರೈತರನ್ನು ಕೇಳಿ ತುಂಬುವ ಪ್ರಶ್ನೆಗಳ ಹಾಳೆಗೆ ಅವರ ಕಾಲೇಜಿನಲ್ಲಿ ಹಾಗೆನ್ನುತ್ತಾರೆ.

"ತಾತ, ನೀವೇ ನನ್ನ ಮೊದಲ್ನೇ ರೈತ. ಸುಳ್ಳು ಹೇಳಿದ್ರೆ ನನ್ ಮಾರ್ಕ್ಸ್ ಹೋಗುತ್ತೆ."

"ನನ್ನವು ಎಸ್ಸೆಸ್ಸೆಲ್ಸಿಲೇ ಹೋದ್ವು ಕಣೇ. ಕೇಳು."

ಬೆಳೆ, ಬಾವಿ, ಹಸು ಎಲ್ಲ ಹೇಳಿದೆ.

"ಮುಂದಿನ್ದು ಮಕ್ಕಳ ಓದು. ಅಮ್ಮಂದು ಪಿಯುಸಿ. ಓದು ನಿಲ್ಲಿಸಿದ ಕಾರಣ? ಸೀಟು ಸಿಗ್ಲಿಲ್ಲ ಅಂತ ಬರೀಲಾ?"

ಅಡುಗೆಮನೆಯಲ್ಲಿ ಸುಮಿತ್ರಾ ಅವರೆಕಾಯಿ ಬಿಡಿಸುತ್ತಿದ್ದಳು.

ಅವಳೂ ರೈತರ ಮಕ್ಕಳ ಕೋಟಾದಲ್ಲಿ ಕೃಷಿ ಓದಲು ಅರ್ಜಿ ಹಾಕಿದ್ದಳು. ಅದಕ್ಕೆ ಬೀಜ ಗುರುತಿಸುವ ಪರೀಕ್ಷೆಯಿತ್ತು. ಜಗಲಿಯಲ್ಲಿ ಮೊರದ ತುಂಬ ಹುಚ್ಚೆಳ್ಳು, ನವಣೆ, ಸಾಮೆ ಹರಡಿ ಕಲಿಸಿದವನು ನಾನೇ. ಕಣ್ಣು ಮುಚ್ಚಿ ಬೆರಳಲ್ಲೇ ಹೇಳಿಬಿಡುತ್ತಿದ್ದಳು. ಪರೀಕ್ಷೆಗೆ ಕರೆದ ಕಾಗದ ಬಂದಾಗ ಮನೆಯಲ್ಲಿ ರೇಷ್ಮೆಹುಳು ಹಣ್ಣಾಗುತ್ತಿದ್ದವು. ಹಣ್ಣಾದ ಹುಳುವನ್ನು ಅದೇ ದಿನ ಆರಿಸಿ, ಗೂಡು ಕಟ್ಟಲು ಬಿದಿರಿನ ಚಂದ್ರಿಕೆಗೆ ಬಿಡಬೇಕು. ಅವಳಷ್ಟು ಚುರುಕಾದ ಕೈ ನಮ್ಮಲ್ಲಿ ಇನ್ನೊಂದಿರಲಿಲ್ಲ. ಕಾಗದವನ್ನು ಸೂರಿಗೆ ಸಿಕ್ಕಿಸಿದೆ. ಆಮೇಲೆ ಹೇಳಲು ಬಾಯಿ ಬರಲಿಲ್ಲ. ಕರೆಯೇ ಬರಲಿಲ್ಲವೆಂದು ಅವಳು ನಂಬಿದಳು.

"ಬರ್ಕೋ" ಎಂದೆ. "ಕಾಗದ ಬಂದಿತ್ತು. ಅಪ್ಪ ಬಚ್ಚಿಟ್ಟ."

ಚೈತ್ರಾಳ ಪೆನ್ನು ನಿಂತಿತು. ಸುಮಿತ್ರಾ ಮೊರ ಹಿಡಿದೇ ಬಾಗಿಲಿಗೆ ಬಂದಳು.

"ಎಷ್ಟು ಗಂಟೆಗೆ ಕರೆದಿದ್ರಪ್ಪ?"

"ಬೆಳಿಗ್ಗೆ ಹತ್ತಕ್ಕೆ."

"ಫಸ್ಟ್ ಬಸ್ಸಿಗೆ ಹೋಗಿದ್ರೆ ಪರೀಕ್ಷೆ ಸಿಕ್ತಿತ್ತು" ಎಂದಳು. ಮೊರವನ್ನು ನನ್ನ ಮುಂದಿಟ್ಟಳು. "ಮಿಕ್ಕಿದ್ದು ನೀವು ಬಿಡ್ಸಿ."

ಅಷ್ಟೇ. ಅಂದಿನಿಂದ ಊಟಕ್ಕೆ ಕರೆಯುತ್ತಾಳೆ, ಬೇರೆ ಮಾತಿಲ್ಲ.

ದಿನಾ ಬೆಳಿಗ್ಗೆ ಚೈತ್ರಾಳನ್ನು ಮೊದಲ ಬಸ್ಸಿಗೆ ನಾನೇ ಹತ್ತಿಸುತ್ತೇನೆ. ರಸ್ತೆಯ ಆಚೆ ಬದಿಯಲ್ಲಿ ನಮ್ಮೂರ ಕಡೆಯ ಬಸ್ಸು ಬಂದು ನಿಲ್ಲುತ್ತದೆ. ಅದರ ಬೋರ್ಡು ಓದುವಾಗ ಎದೆ ಅತ್ತಲೇ ವಾಲುತ್ತದೆ. ಆದರೂ ರಸ್ತೆ ದಾಟುವುದಿಲ್ಲ. ಸುಮಿತ್ರಾ ಬೈಯುವ ದಿನ ನಾನು ಎದುರಿಗಿರಬೇಕು.